ಒಂದೇ ಎದೆಯಲ್ಲಿ ಎರಡು ವ್ಯಾಧಿ: ಕ್ಷಯ ಮತ್ತು ಶ್ವಾಸಕೋಶದ ಕ್ಯಾನ್ಸರು

ಶ್ವಾಸಕೋಶಗಳಿಗೆ ತಗಲುವ ವ್ಯಾಧಿಗಳಲ್ಲಿ ಕ್ಷಯ ಮತ್ತು ಕ್ಯಾನ್ಸರು ಎಂಬ ಎರಡು ಹೆಸರುಗಳು ಜನಮನದಲ್ಲಿ ಹುಟ್ಟಿಸುವ ಭೀತಿ ಅಷ್ಟಿಷ್ಟಲ್ಲ. ಕ್ಷಯವು ಸೂಕ್ಷ್ಮಾಣುವಿನಿಂದ ಬರುವಂಥದು. ಒಬ್ಬರಿಂದೊಬ್ಬರಿಗೆ ಗಾಳಿಯ ಮೂಲಕ ಹರಡುವಂಥದು. ಕ್ರಮವರಿತು ಔಷಧ ಸೇವಿಸಿದರೆ ಬಹುಮಟ್ಟಿಗೆ ಪೂರ್ಣವಾಗಿ ಗುಣವಾಗುವಂಥದು. ಕ್ಯಾನ್ಸರಾದರೋ ದೇಹದ ಜೀವಕೋಶಗಳೇ ಹದ್ದುಮೀರಿ ಬೆಳೆಯುವುದರಿಂದ ಉಂಟಾಗುತ್ತದೆ, ಅದು ಅಂಟುರೋಗವಲ್ಲ, ತಡವಾಗಿ ಗುರುತಿಸಿದರೆ ಗುಣವಾಗುವುದು ಕಠಿಣ. ಸ್ವಭಾವದಲ್ಲಿ ಇಷ್ಟು ಭಿನ್ನವಾದ ಈ ಎರಡೂ ಒಬ್ಬನೇ ರೋಗಿಯ ಎದೆಯಲ್ಲಿ ಏಕಕಾಲಕ್ಕೆ ನೆಲಸಬಲ್ಲವು ಎಂಬ ಸಂಗತಿ ಅನೇಕರಿಗೆ ತಿಳಿಯದು. ತಿಳಿಯದಿರುವುದರಿಂದ ಆಗುವ ಹಾನಿ ಮಾತ್ರ ದೊಡ್ಡದು.

ಪ್ರಸ್ತುತ ಲೇಖನವನ್ನು ವೈದ್ಯರಿಗಾಗಿ ಬರೆದಿಲ್ಲ. ವಿದ್ಯಾರ್ಥಿಗಳ ಮನೆಯ ಸುಖದುಃಖಗಳನ್ನು ಹತ್ತಿರದಿಂದ ಬಲ್ಲ ಶಿಕ್ಷಕರು, ಊರು ಬಿಟ್ಟು ದೂರದಲ್ಲಿದ್ದರೂ ಹಿರಿಯರನ್ನು ಹಳ್ಳಿಯಲ್ಲಿ ಉಳಿಸಿಕೊಂಡಿರುವ ಹಳೆಯ ವಿದ್ಯಾರ್ಥಿಗಳು, ಸತ್ಕಾರ್ಯಕ್ಕೆ ಕೈಯೆತ್ತಿ ನೀಡುವ ದಾನಿಗಳು ಈ ಸಂಚಿಕೆಯನ್ನು ಓದುವವರು. ಅವರೆಲ್ಲರೂ ನೆನಪಿನಲ್ಲಿಡಬೇಕಾದ ಮಾತು ಇಷ್ಟೇ: ಒಂದು ರೋಗ ಸಿಕ್ಕಿತೆಂದು ಇನ್ನೊಂದನ್ನು ಹುಡುಕುವುದನ್ನು ನಿಲ್ಲಿಸಬಾರದು, ಎರಡೂ ಸಿಕ್ಕಾಗ ಒಂದಕ್ಕಾಗಿ ಇನ್ನೊಂದರ ಉಪಚಾರವನ್ನು ಕೈಬಿಡಬಾರದು. ಈ ಮಾತಿನ ಆಧಾರವನ್ನು ಮುಂದೆ ವಿವರಿಸಲಾಗಿದೆ.

ಇತಿಹಾಸದ ಹಿನ್ನೆಲೆ

ಈ ಎರಡು ರೋಗಗಳ ಗೊಂದಲ ಇಂದು ನಿನ್ನೆಯದಲ್ಲ. ಫ್ರಾನ್ಸ್ ದೇಶದ ವೈದ್ಯ ಬೇಲ್ ಎಂಬವನು ೧೮೧೦ ರಲ್ಲಿ ಕ್ಷಯದ ಪ್ರಭೇದಗಳನ್ನು ವರ್ಣಿಸುವಾಗ ಶ್ವಾಸಕೋಶದ ಕ್ಯಾನ್ಸರನ್ನೂ ಕ್ಷಯದ ಒಂದು ಬಗೆಯೆಂದೇ ಎಣಿಸಿದ್ದನು. ಆಮೇಲೆ ವಿಯೆನ್ನಾದ ಪ್ರಸಿದ್ಧ ರೋಗಶಾಸ್ತ್ರಜ್ಞ ರೊಕಿಟಾನ್ಸ್ಕಿ ಇದಕ್ಕೆ ತೀರ ವಿರುದ್ಧವಾಗಿ, ಕ್ಷಯ ಮತ್ತು ಕ್ಯಾನ್ಸರುಗಳು ಪರಸ್ಪರ ವಿರೋಧಿಗಳು, ಒಂದಿದ್ದಲ್ಲಿ ಇನ್ನೊಂದು ಇರಲಾರದು ಎಂದು ಸಾರಿದನು. ಎರಡು ಅಭಿಪ್ರಾಯಗಳೂ ಕಾಲಕ್ರಮದಲ್ಲಿ ಸುಳ್ಳಾದವು. ೧೮೮೨ ರ ಮಾರ್ಚ್ ೨೪ ರಂದು ರಾಬರ್ಟ್ ಕೋಖ್ ಕ್ಷಯದ ಸೂಕ್ಷ್ಮಾಣುವನ್ನು ಜಗತ್ತಿಗೆ ತೋರಿಸಿಕೊಟ್ಟ ಮೇಲೆ ಇವೆರಡೂ ಬೇರೆ ಬೇರೆ ರೋಗಗಳೆಂಬುದು ನಿಶ್ಚಿತವಾಯಿತು. ಒಂದೇ ಎದೆಯಲ್ಲಿ ಎರಡೂ ಇರಬಲ್ಲವೆಂಬುದು ಶವಪರೀಕ್ಷೆಗಳಿಂದ ದೃಢಪಟ್ಟಿತು.

ನಮ್ಮ ಪ್ರಾಂತದಲ್ಲಿ ಔಷಧವಿಲ್ಲದ ಆ ಕಾಲದಲ್ಲಿ ಕ್ಷಯವೆಂದರೆ ಶುದ್ಧ ಗಾಳಿ, ವಿಶ್ರಾಂತಿ, ಪುಷ್ಟಿಕರ ಆಹಾರ ಇಷ್ಟೇ ಚಿಕಿತ್ಸೆ. ಅನುಕೂಲವಿದ್ದವರು ಮಿರಜದ ಹತ್ತಿರದ ವಾನ್ಲೆಸ್‌ವಾಡಿಯ ಆರೋಗ್ಯಧಾಮಕ್ಕೆ ಹೋಗುತ್ತಿದ್ದರು. ಇಲ್ಲದವರು ಮನೆಯ ಮೂಲೆಯಲ್ಲಿ ಮಲಗುತ್ತಿದ್ದರು. ಸ್ಟ್ರೆಪ್ಟೊಮೈಸಿನ್ ಮತ್ತು ೧೯೫೨ ರಲ್ಲಿ ಬಂದ ಐಸೋನಿಯಾಜಿಡ್ ಔಷಧಗಳು ಈ ಚಿತ್ರವನ್ನೇ ಬದಲಿಸಿದವು. ೧೯೫೬ ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರವು ನಡೆಸಿ ೧೯೫೯ ರಲ್ಲಿ ಪ್ರಕಟಿಸಿದ ಅಧ್ಯಯನವು, ಮನೆಯಲ್ಲಿದ್ದುಕೊಂಡೇ ಔಷಧ ಸೇವಿಸಿದ ಬಡರೋಗಿಗಳು ಆರೋಗ್ಯಧಾಮದ ರೋಗಿಗಳಷ್ಟೇ ಚೆನ್ನಾಗಿ ಗುಣ ಹೊಂದುತ್ತಾರೆಂದು ತೋರಿಸಿಕೊಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಆರಂಭವಾಯಿತು.

ಸಂಗೀತದ ಬೀಡಾದ ಗದುಗಿನ ಜನರಿಗೆ ಕುಮಾರ ಗಂಧರ್ವರ ಉದಾಹರಣೆ ಸುಪರಿಚಿತ. ೧೯೨೪ ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಜನಿಸಿದ ಈ ಮಹಾನ್ ಗಾಯಕರನ್ನು ಯೌವನದಲ್ಲಿಯೇ ಕ್ಷಯ ಹಿಡಿಯಿತು. ಒಣಹವೆಯನ್ನು ಅರಸಿ ೧೯೪೮ ರಲ್ಲಿ ಅವರು ಮಧ್ಯಭಾರತದ ದೇವಾಸಕ್ಕೆ ಹೋಗಿ ನೆಲಸಿದರು. ವರ್ಷಗಟ್ಟಲೆ ಹಾಡದೆ ಮಲಗಿದ್ದ ಅವರು ಸ್ಟ್ರೆಪ್ಟೊಮೈಸಿನ್ ಚಿಕಿತ್ಸೆಯಿಂದ ಚೇತರಿಸಿಕೊಂಡರು. ಆದರೆ ಒಂದು ಶ್ವಾಸಕೋಶದ ಬಲ ಮರಳಿ ಬರಲಿಲ್ಲ. ಉಳಿದ ಉಸಿರಿನಲ್ಲಿಯೇ ಅವರು ಹೊಸದೊಂದು ಗಾಯನಮಾರ್ಗವನ್ನು ಕಂಡುಕೊಂಡು ೧೯೯೨ ರವರೆಗೆ ಬಾಳಿದರು. ಕ್ಷಯದಿಂದ ಪಾರಾದ ಮೇಲೂ ಎದೆಯಲ್ಲಿ ಅದರ ಕಲೆ ಉಳಿಯುತ್ತದೆ ಎಂಬ ಸತ್ಯವನ್ನು ಅವರ ಜೀವನ ಸಾರುತ್ತದೆ. ಅವರಿಗೆ ಕ್ಯಾನ್ಸರು ಬಂದಿರಲಿಲ್ಲ. ಆದರೆ ನಮ್ಮ ವಿಷಯ ಆರಂಭವಾಗುವುದು ಅಂಥ ಕಲೆಯಿಂದಲೇ.

ಎರಡೂ ಒಟ್ಟಿಗೆ ಬರಲು ಕಾರಣಗಳು

ಕ್ಷಯವು ಬಿಟ್ಟುಹೋದ ಗಾಯದ ಕಲೆಯ ಸುತ್ತ ವರ್ಷಾನುಗಟ್ಟಲೆ ಉರಿಯೂತ ನಡೆದೇ ಇರುತ್ತದೆ. ಅಲ್ಲಿಯ ಜೀವಕೋಶಗಳು ಸತ್ತು ಮತ್ತೆ ಮತ್ತೆ ಹುಟ್ಟುವಾಗ ಕೆಲವು ದಾರಿ ತಪ್ಪಬಹುದು. ೧೯೩೯ ರಲ್ಲಿ ಜರ್ಮನಿಯ ಫ್ರೆಡ್ರಿಕ್ ಎಂಬ ಶಾಸ್ತ್ರಜ್ಞನು ಕಲೆಯಲ್ಲಿ ಹುಟ್ಟುವ ಕ್ಯಾನ್ಸರನ್ನು ವರ್ಣಿಸಿದನು. ಅಂಥ ಕಲೆಗಳಲ್ಲಿ ಕೆಲವನ್ನು ಕ್ಯಾನ್ಸರೇ ಉಂಟುಮಾಡಿರುತ್ತದೆಂದು ಮುಂದಿನ ಸಂಶೋಧಕರು ಕಂಡುಕೊಂಡರೂ, ಹಿಂದೆ ಕ್ಷಯವಾದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಂಭವ ಇತರರಿಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತಿಳಿದುಬಂದಿದೆ. ತಂಬಾಕು ಸೇದದವರಲ್ಲಿಯೂ ಈ ಸಂಬಂಧ ಕಾಣುತ್ತದೆ.

ಎರಡನೆಯ ಕಾರಣ ಮೊದಲಿನದರ ತಿರುವುಮುರುವು. ಬಾಲ್ಯದಲ್ಲೋ ಯೌವನದಲ್ಲೋ ದೇಹವನ್ನು ಹೊಕ್ಕ ಕ್ಷಯದ ಸೂಕ್ಷ್ಮಾಣುಗಳು ಎಷ್ಟೋ ಜನರಲ್ಲಿ ನಿದ್ರಿಸುತ್ತಿರುತ್ತವೆ. ಕ್ಯಾನ್ಸರು ದೇಹದ ರೋಗನಿರೋಧಕ ಶಕ್ತಿಯನ್ನು ಕುಂದಿಸಿದಾಗ, ಗಂಟು ಬೆಳೆದು ಹಳೆಯ ಕ್ಷಯದ ಕಟ್ಟೆಯನ್ನು ಒಡೆದಾಗ, ಅಥವಾ ಕ್ಯಾನ್ಸರಿಗೆ ಕೊಡುವ ತೀಕ್ಷ್ಣ ಔಷಧಗಳೂ ಸ್ಟಿರಾಯ್ಡುಗಳೂ ಮೈಯನ್ನು ಹಣ್ಣು ಮಾಡಿದಾಗ ಅವು ಎಚ್ಚರಗೊಳ್ಳುತ್ತವೆ.

ಮೂರನೆಯದು ಎರಡಕ್ಕೂ ಸಮಾನವಾದ ನೆಲ. ಬೀಡಿ, ಸಿಗರೇಟುಗಳ ಹೊಗೆ ಕ್ಯಾನ್ಸರಿಗೆ ಮುಖ್ಯ ಕಾರಣವೆಂಬುದು ೧೯೫೦ ರಲ್ಲಿ ಡಾಲ್ ಮತ್ತು ಹಿಲ್ ಎಂಬ ಆಂಗ್ಲ ಶಾಸ್ತ್ರಜ್ಞರ ಅಧ್ಯಯನದಿಂದ ಸ್ಪಷ್ಟವಾಯಿತು. ಅದೇ ಹೊಗೆ ಕ್ಷಯಕ್ಕೂ ಬಾಗಿಲು ತೆರೆಯುತ್ತದೆ. ಇಳಿವಯಸ್ಸು, ಅಪೌಷ್ಟಿಕತೆ, ಸಕ್ಕರೆ ಕಾಯಿಲೆ, ಗಾಳಿಯಾಡದ ಅಡಿಗೆಮನೆಯ ಒಲೆಯ ಹೊಗೆ ಇವೂ ಲಕ್ಷಿಸತಕ್ಕವು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಭಾರತದಲ್ಲಿಯೇ ಇರುವುದರಿಂದ ಈ ಜೋಡಿ ರೋಗ ನಮ್ಮಲ್ಲಿ ಕಾಣಿಸಿಕೊಳ್ಳುವುದು ಆಶ್ಚರ್ಯವಲ್ಲ.

ರೋಗನಿದಾನದ ತೊಡಕು

ವಿಷಯ ಮನದಟ್ಟಾಗಲೆಂದು ಬೆಟಗೇರಿಯ ಒಬ್ಬ ನೇಕಾರರನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಐವತ್ತೆಂಟು. ಮೂವತ್ತು ವರ್ಷಗಳ ಬೀಡಿಯ ಚಟ. ಇಪ್ಪತ್ತು ವರ್ಷಗಳ ಹಿಂದೆ ಒಮ್ಮೆ ಕ್ಷಯವಾಗಿ ಗುಣವಾಗಿತ್ತು. ಈಗ ಮತ್ತೆ ಕೆಮ್ಮು, ಸಂಜೆಯ ಜ್ವರ, ತೂಕದ ಇಳಿತ, ಒಮ್ಮೊಮ್ಮೆ ಕಫದಲ್ಲಿ ರಕ್ತ. ಕ್ಷ-ಕಿರಣ ಚಿತ್ರದಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ನೆರಳು. ನೋಡಿದವರೆಲ್ಲ ಹೇಳುವುದು ಒಂದೇ: ಹಳೆಯ ಟಿ.ಬಿ. ಮರುಕಳಿಸಿದೆ. ಔಷಧ ಆರಂಭವಾಗುತ್ತದೆ. ಎರಡು ತಿಂಗಳ ಮೇಲೆ ಅವರು ದವಾಖಾನೆಗೆ ಬಂದು, “ಸಾಹೇಬ್ರ, ಗುಳಿಗಿ ನುಂಗಾಕ ಹತ್ತಿ ಎರಡು ತಿಂಗಳಾತ್ರಿ, ಕೆಮ್ಮಂತೂ ನಿಂದ್ರವಲ್ದು” ಎನ್ನುತ್ತಾರೆ.

ಈ ಒಂದು ವಾಕ್ಯವನ್ನು ಕೇಳಿಸಿಕೊಳ್ಳುವುದರ ಮೇಲೆ ರೋಗಿಯ ಭವಿಷ್ಯ ನಿಂತಿದೆ. “ಇನ್ನೂ ನಾಲ್ಕು ತಿಂಗಳು ನುಂಗಿ ನೋಡ್ರಿ” ಎಂದು ಕಳಿಸಿದರೆ, ಶಸ್ತ್ರಕ್ರಿಯೆಯಿಂದ ತೆಗೆಯಬಹುದಾಗಿದ್ದ ಗಂಟು ಅಷ್ಟರೊಳಗೆ ಕೈಮೀರಿ ಬೆಳೆದಿರಬಹುದು. ಕೆಮ್ಮು, ಜ್ವರ, ತೂಕದ ಇಳಿತ, ರಕ್ತ ಇವು ಎರಡೂ ರೋಗಗಳಿಗೆ ಸಮಾನ ಲಕ್ಷಣಗಳು. ಚಿತ್ರದಲ್ಲಿಯ ನೆರಳೂ ಎರಡರಲ್ಲಿ ಒಂದೇ ತೆರನಾಗಿ ಕಾಣಬಹುದು. ಆದುದರಿಂದ ಕೇವಲ ಕ್ಷ-ಕಿರಣ ಚಿತ್ರವನ್ನು ನೋಡಿ ಕ್ಷಯವೆಂದು ನಿರ್ಧರಿಸುವುದು ಅಪಾಯಕರ. ಕಫದ ಸೂಕ್ಷ್ಮದರ್ಶಕ ಪರೀಕ್ಷೆ, ೨೦೧೦ ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅನುಮೋದಿಸಿದ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ, ನಮ್ಮ ದೇಶದಲ್ಲಿಯೇ ರೂಪುಗೊಂಡ ಟ್ರೂನಾಟ್ ಪರೀಕ್ಷೆ ಇವು ಕ್ಷಯವನ್ನು ಖಚಿತಪಡಿಸುತ್ತವೆ. ರಿಫಾಂಪಿಸಿನ್ ಔಷಧಕ್ಕೆ ಸೂಕ್ಷ್ಮಾಣು ಬಗ್ಗುವುದೋ ಇಲ್ಲವೋ ಎಂಬುದನ್ನೂ ಕೊನೆಯ ಎರಡು ಪರೀಕ್ಷೆಗಳು ಕೆಲವೇ ಗಂಟೆಗಳಲ್ಲಿ ತಿಳಿಸುತ್ತವೆ.

ಆದರೆ ಕಫದಲ್ಲಿ ಕ್ಷಯದ ಸೂಕ್ಷ್ಮಾಣು ಸಿಕ್ಕ ಮಾತ್ರಕ್ಕೆ ಕ್ಯಾನ್ಸರು ಇಲ್ಲವೆಂದು ಸಿದ್ಧವಾಗುವುದಿಲ್ಲ. ಔಷಧದಿಂದ ಕಫ ಶುದ್ಧವಾದರೂ ನೆರಳು ಕರಗದಿದ್ದರೆ, ಒಂದು ಕಡೆಯ ನೆರಳು ಕುಗ್ಗಿ ಇನ್ನೊಂದು ಬೆಳೆದರೆ, ಧ್ವನಿ ಒಡೆದರೆ, ಬೆರಳ ತುದಿ ದಪ್ಪಗಾದರೆ, ಕತ್ತು ಮುಖಗಳು ಬಾತುಕೊಂಡರೆ, ಎಲುಬಿನಲ್ಲಿ ನಿಲ್ಲದ ನೋವು ಕಾಣಿಸಿದರೆ ಕ್ಯಾನ್ಸರನ್ನು ಹುಡುಕಲೇಬೇಕು. ಸಿ.ಟಿ. ಸ್ಕ್ಯಾನು, ಶ್ವಾಸನಾಳದರ್ಶನ, ಗಂಟಿನಿಂದ ಸೂಜಿಯ ಮೂಲಕ ತುಣುಕು ತೆಗೆದು ಮಾಡುವ ಬಯಾಪ್ಸಿ ಇವು ಅದಕ್ಕೆ ದಾರಿ. ತೆಗೆದ ತುಣುಕನ್ನು ಎರಡು ಪಾಲು ಮಾಡಿ ಒಂದನ್ನು ಕ್ಯಾನ್ಸರಿನ ಪರೀಕ್ಷೆಗೂ ಇನ್ನೊಂದನ್ನು ಕ್ಷಯದ ಪರೀಕ್ಷೆಗೂ ಕಳಿಸುವುದು ವಿವೇಕ. “ಸೂಜಿ ಚುಚ್ಚಿದರೆ ಗಡ್ಡೆ ಕೆರಳುತ್ತದೆ” ಎಂಬ ಭಯದಿಂದ ಬಯಾಪ್ಸಿಗೆ ಒಪ್ಪದೆ ತಿರುಗುವವರು ಕಳೆದುಕೊಳ್ಳುವ ಕಾಲ ಮರಳಿ ಬಾರದು.

ಇದರ ವಿರುದ್ಧ ತಪ್ಪೂ ಉಂಟು. ಕ್ಯಾನ್ಸರು ಖಚಿತವಾದ ರೋಗಿಯ ಎದೆಯ ನಡುವಿನ ಗ್ರಂಥಿಗಳು ದೊಡ್ಡವಾಗಿದ್ದರೆ ಕ್ಯಾನ್ಸರು ಅಲ್ಲಿಗೂ ಹರಡಿದೆಯೆಂದು ಭಾವಿಸಿ ಶಸ್ತ್ರಕ್ರಿಯೆಯ ಆಸೆಯನ್ನೇ ಬಿಡುವ ಸಂಭವವಿದೆ. ಬೆಲೆಬಾಳುವ ಪೆಟ್ ಸ್ಕ್ಯಾನಿನಲ್ಲಿಯೂ ಕ್ಷಯದ ಗ್ರಂಥಿ ಕ್ಯಾನ್ಸರಿನಂತೆಯೇ ಬೆಳಗುತ್ತದೆ. ಆ ಗ್ರಂಥಿಯಿಂದ ತುಣುಕು ತೆಗೆದು ನೋಡಿದರೆ ಅದು ಕೇವಲ ಕ್ಷಯವೆಂದು ತಿಳಿದು, ಗುಣವಾಗಬಹುದಾದ ರೋಗಿ ಗುಣವಾದಾನು.

ಉಪಚಾರದ ಕ್ರಮ

ಎರಡೂ ರೋಗಗಳು ಖಚಿತವಾದಾಗ ಮೊದಲು ಏಳುವ ಪ್ರಶ್ನೆ, ಯಾವುದಕ್ಕೆ ಮೊದಲು ಉಪಚಾರ ಎಂಬುದು. ಸಾಮಾನ್ಯ ನಿಯಮವಾಗಿ ಕ್ಷಯದ ಔಷಧವನ್ನು ಕೂಡಲೇ ಆರಂಭಿಸಲಾಗುತ್ತದೆ. ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಇಥಾಂಬುಟಾಲ್ ಎಂಬ ನಾಲ್ಕು ಔಷಧಗಳು. ಮುಂದಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಇವು ಒಂದೇ ಗುಳಿಗೆಯಲ್ಲಿ ಕೂಡಿದ್ದು, ರೋಗಿಯ ತೂಕಕ್ಕೆ ತಕ್ಕಂತೆ ಪ್ರತಿದಿನ ಕೊಡಲ್ಪಡುತ್ತವೆ. ಕ್ಯಾನ್ಸರು ರೋಗಿಯ ತೂಕ ಬೇಗ ಬದಲಾಗುವುದರಿಂದ ಅದನ್ನು ಆಗಾಗ ತೂಗಿ ನೋಡುವುದು ಅಗತ್ಯ.

ಕ್ಷಯ ಪೂರ್ತಿ ಗುಣವಾಗಲೆಂದು ಆರು ತಿಂಗಳು ಕಾಯಬೇಕೇ? ಕಾಯಬಾರದು. ಔಷಧಕ್ಕೆ ಬಗ್ಗುವ ಕ್ಷಯದಲ್ಲಿ ಮೊದಲ ಎರಡು ವಾರಗಳಲ್ಲಿಯೇ ರೋಗ ಹರಡುವ ಶಕ್ತಿ ಬಹಳ ಇಳಿಯುತ್ತದೆ. ಎರಡು ತಿಂಗಳೊಳಗೆ ಹೆಚ್ಚಿನವರ ಕಫ ಶುದ್ಧವಾಗುತ್ತದೆ. ಗಂಟು ಚಿಕ್ಕದಿದ್ದು ಶಸ್ತ್ರಕ್ರಿಯೆಗೆ ಯೋಗ್ಯವಾಗಿದ್ದರೆ ಈ ಅವಧಿಯಲ್ಲಿ ರೋಗಿಯನ್ನು ಸಿದ್ಧಪಡಿಸಿ ಶಸ್ತ್ರಕ್ರಿಯೆ ನಡೆಸಿ, ಆಮೇಲೆ ಕ್ಷಯದ ಔಷಧವನ್ನು ಪೂರ್ಣಗೊಳಿಸಬಹುದು. ಕಿಮೋಥೆರಪಿ ಬೇಕಾದವರಲ್ಲಿ ಕ್ಷಯದ ಔಷಧ ಕೆಲವು ವಾರ ನಡೆದ ಮೇಲೆ ಅದನ್ನು ಜೊತೆಗೂಡಿಸುವುದುಂಟು. ಎಚ್ಚರದಿಂದ ನೋಡಿಕೊಂಡರೆ ಎರಡನ್ನೂ ಒಟ್ಟಿಗೆ ನಡೆಸುವುದು ಸಾಧ್ಯವೆಂದು ಅನುಭವ ತೋರಿಸಿದೆ. ಸಣ್ಣಕೋಶದ ಕ್ಯಾನ್ಸರು ಎಂಬ ಬಗೆ ಅತಿ ವೇಗವಾಗಿ ಬೆಳೆಯುವುದರಿಂದ ಅದಕ್ಕೆ ಕಾಯುವ ವ್ಯವಧಾನವಿಲ್ಲ. ಗಂಟು ರಕ್ತನಾಳವನ್ನೋ ಬೆನ್ನುಹುರಿಯನ್ನೋ ಒತ್ತುತ್ತಿದ್ದರೆ ವಿಕಿರಣ ಚಿಕಿತ್ಸೆಯನ್ನು ತಡಮಾಡದೆ ಕೊಡಬೇಕಾಗುತ್ತದೆ.

ಔಷಧಗಳ ಪರಸ್ಪರ ವಿರೋಧ

ಇಲ್ಲಿಯ ಅತಿ ಸೂಕ್ಷ್ಮವಾದ ಸಂಗತಿ ಔಷಧಗಳು ಒಂದರ ಮೇಲೊಂದು ಬೀರುವ ಪರಿಣಾಮ. ರಿಫಾಂಪಿಸಿನ್ ಕ್ಷಯದ ಉಪಚಾರದ ಬೆನ್ನೆಲುಬು. ಆದರೆ ಅದು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಇತರ ಅನೇಕ ಔಷಧಗಳನ್ನು ಬೇಗ ಕರಗಿಸಿಬಿಡುತ್ತದೆ. ಕೆಲವು ಬಗೆಯ ಶ್ವಾಸಕೋಶದ ಕ್ಯಾನ್ಸರಿಗೆ ಈಗ ಕೊಡುವ ಜೆಫಿಟಿನಿಬ್ ಎಂಬ ಗುಳಿಗೆ ರಿಫಾಂಪಿಸಿನ್ ಜೊತೆಗಿದ್ದರೆ ರಕ್ತದಲ್ಲಿ ಐದರಲ್ಲಿ ನಾಲ್ಕು ಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಎರ್ಲೊಟಿನಿಬ್ ಸುಮಾರು ಮೂರರಲ್ಲಿ ಎರಡು ಭಾಗ ಇಳಿಯುತ್ತದೆ. ರೋಗಿ ದಿನವೂ ಗುಳಿಗೆ ನುಂಗುತ್ತಿರುತ್ತಾನೆ, ಫಲ ಮಾತ್ರ ಸಿಗುವುದಿಲ್ಲ. ವಾಂತಿ ತಡೆಯುವ ಔಷಧ, ಸ್ಟಿರಾಯ್ಡು, ನೋವಿಗೆ ಕೊಡುವ ಮಾರ್ಫಿನ್ ಇವುಗಳ ಬಲವೂ ಕುಗ್ಗುತ್ತದೆ. ಇಂಥಲ್ಲಿ ರಿಫಾಂಪಿಸಿನ್ ಬದಲು ರಿಫಾಬ್ಯುಟಿನ್ ಬಳಸುವುದೋ, ಕ್ಯಾನ್ಸರಿನ ಔಷಧವನ್ನು ಬದಲಿಸುವುದೋ ಎಂಬುದನ್ನು ಎರಡೂ ಕಡೆಯ ವೈದ್ಯರು ಕೂಡಿ ನಿರ್ಧರಿಸಬೇಕು. ರೋಗಿಯ ಮನೆಯವರ ಕರ್ತವ್ಯ ಒಂದೇ: ಒಬ್ಬ ವೈದ್ಯರ ಚೀಟಿಯನ್ನು ಇನ್ನೊಬ್ಬರಿಗೆ ತಪ್ಪದೆ ತೋರಿಸುವುದು.

ದುಷ್ಪರಿಣಾಮಗಳೂ ಒಂದರ ಮೇಲೊಂದು ಬೀಳುತ್ತವೆ. ಕ್ಷಯದ ಮೂರು ಔಷಧಗಳು ಯಕೃತ್ತಿಗೆ ಭಾರ; ಕಿಮೋಥೆರಪಿಯೂ ಅದಕ್ಕೆ ಸೇರಬಹುದು. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ತಕ್ಷಣ ವೈದ್ಯರನ್ನು ಕಾಣಬೇಕು. ಐಸೋನಿಯಾಜಿಡ್ ಕೈಕಾಲು ಜೋಮು ಹಿಡಿಸುತ್ತದೆ. ಕ್ಯಾನ್ಸರಿನ ಸಿಸ್ಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಔಷಧಗಳೂ ಹಾಗೆಯೇ. ಆದುದರಿಂದ ಬಿ-೬ ಜೀವಸತ್ವವನ್ನು ಮರೆಯಲಾಗದು. ಸಿಸ್ಪ್ಲಾಟಿನ್ ಮೂತ್ರಪಿಂಡಕ್ಕೂ ಕಿವಿಗೂ ತೊಂದರೆ ಕೊಡುವುದರಿಂದ ಅದರ ಜೊತೆಗೆ ಸ್ಟ್ರೆಪ್ಟೊಮೈಸಿನ್ ಅಥವಾ ಅಮಿಕಾಸಿನ್ ಚುಚ್ಚುಮದ್ದು ಬಂದರೆ ಅಪಾಯ ಇಮ್ಮಡಿಸುತ್ತದೆ. ಔಷಧಕ್ಕೆ ಬಗ್ಗದ ಕ್ಷಯದಲ್ಲಿ ಕೊಡುವ ಲಿನೆಜೋಲಿಡ್ ಕಿಮೋಥೆರಪಿಯಂತೆಯೇ ರಕ್ತಕಣಗಳನ್ನು ಇಳಿಸುತ್ತದೆ. ಇಥಾಂಬುಟಾಲ್ ವಿರಳವಾಗಿ ಕಣ್ಣಿನ ನರವನ್ನು ಬಾಧಿಸಿ ಕೆಂಪು, ಹಸಿರುಗಳ ಭೇದವನ್ನು ಮಸುಕುಗೊಳಿಸುತ್ತದೆ. ನಮ್ಮ ನೇಕಾರರು ಮಗ್ಗದ ಮುಂದೆ ಕುಳಿತಾಗ ನೂಲಿನ ಬಣ್ಣ ತಪ್ಪತೊಡಗಿದರೆ ಅದನ್ನು ವಯಸ್ಸಿನ ದೋಷವೆಂದು ಬಿಡದೆ ವೈದ್ಯರಿಗೆ ಹೇಳಬೇಕು. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದಾದರೋ ಸಹಜ. ರಕ್ತವೆಂದು ಹೆದರಿ ಔಷಧ ಬಿಡಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆ ಇತರ ರೋಗಿಗಳ ವಿಷಯದಲ್ಲಿ. ಕ್ಯಾನ್ಸರು ವಿಭಾಗದಲ್ಲಿ ಮಲಗಿದವರ ರೋಗನಿರೋಧಕ ಶಕ್ತಿ ಕುಂದಿರುತ್ತದೆ. ಅವರ ನಡುವೆ ಕಫದಲ್ಲಿ ಸೂಕ್ಷ್ಮಾಣು ಇರುವ ರೋಗಿಯನ್ನು ಮಲಗಿಸಬಾರದು. ಮುಖವಸ್ತ್ರ, ತೆರೆದ ಕಿಟಕಿ, ಪ್ರತ್ಯೇಕ ಕೊಠಡಿ, ವಿಕಿರಣ ಚಿಕಿತ್ಸೆಗೆ ದಿನದ ಕೊನೆಯ ಸರದಿ ಇವು ಸರಳ ಉಪಾಯಗಳು. ಮನೆಯಲ್ಲಿಯೂ ಮೊದಲ ವಾರಗಳಲ್ಲಿ ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಬೇಕು, ಗಾಳಿ ಬೆಳಕು ಬಿಡಬೇಕು, ಮಕ್ಕಳನ್ನು ಪರೀಕ್ಷೆಗೆ ಒಯ್ಯಬೇಕು. ತಾಟು ಬಟ್ಟಲು ಬೇರೆ ಮಾಡಬೇಕಾಗಿಲ್ಲ.

ಸಮಾಜದ ಪಾತ್ರ

ಸಾಧನಗಳ ವಿಷಯದಲ್ಲಿ ನಮ್ಮ ಭಾಗ ಹಿಂದಿನಂತೆ ಅಸಹಾಯವಾಗಿಲ್ಲ. ಕ್ಷಯದ ಔಷಧ ಸರಕಾರದಿಂದ ಉಚಿತ. ೨೦೧೨ ರಲ್ಲಿ ಆರಂಭವಾದ ನಿಕ್ಷಯ್ ದಾಖಲೆಯ ಸಂಖ್ಯೆಯಿಂದ, ಶಿರಹಟ್ಟಿಯ ಅಥವಾ ಮುಂಡರಗಿಯ ರೋಗಿ ಕ್ಯಾನ್ಸರಿನ ಉಪಚಾರಕ್ಕಾಗಿ ಬೇರೆ ಊರಿನಲ್ಲಿ ಇರಬೇಕಾದಾಗಲೂ ಅಲ್ಲಿಯೇ ಕ್ಷಯದ ಔಷಧವನ್ನು ಮುಂದುವರಿಸಲು ಬರುತ್ತದೆ. ಗದುಗಿನಲ್ಲಿಯೇ ಈಗ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವಿದೆ. ಸುಮಾರು ಅರುವತ್ತು ಕಿಲೋಮೀಟರು ದೂರದ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರು ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ೧೯೭೩ ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಿದೆ. ೨೦೧೮ ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯು ಬಡವರ ದೊಡ್ಡ ಚಿಕಿತ್ಸೆಯ ಭಾರವನ್ನು ಬಹಳ ಮಟ್ಟಿಗೆ ಇಳಿಸಿದೆ.

ಉಳಿದಿರುವುದು ಅನ್ನ, ಪ್ರಯಾಣ ಮತ್ತು ಧೈರ್ಯ. ಅನ್ನದ ಮಹತ್ವವನ್ನು ಮಂಗಳೂರಿನ ವೈದ್ಯದಂಪತಿಗಳಾದ ಡಾ. ಅನುರಾಗ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಝಾರಖಂಡದಲ್ಲಿ ನಡೆಸಿ ೨೦೨೩ ರಲ್ಲಿ ಪ್ರಕಟಿಸಿದ ಅಧ್ಯಯನ ಎತ್ತಿ ತೋರಿಸಿದೆ. ಕ್ಷಯರೋಗಿಯ ಕುಟುಂಬಕ್ಕೆ ಪುಷ್ಟಿಕರ ಆಹಾರ ಒದಗಿಸಿದಾಗ ಮನೆಯ ಇತರರಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ನೂರಕ್ಕೆ ನಲವತ್ತರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವು ಬಹಳ ಕಡಿಮೆ ಕಂಡುಬಂದಿತು. ಕಿಮೋಥೆರಪಿಯನ್ನು ತಾಳಿಕೊಳ್ಳುವುದಕ್ಕೂ ಮೈಯಲ್ಲಿ ತ್ರಾಣ ಬೇಕು. ಸರಕಾರವು ಕ್ಷಯರೋಗಿಗೆ ೨೦೧೮ ರಿಂದ ತಿಂಗಳಿಗೆ ೫೦೦ ರೂಪಾಯಿ, ೨೦೨೪ ರ ನವೆಂಬರದಿಂದ ೧,೦೦೦ ರೂಪಾಯಿ ಆಹಾರಧನ ಕೊಡುತ್ತಿದೆ. ೨೦೨೨ ರಲ್ಲಿ ಆರಂಭವಾದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ಯಾವನೇ ದಾನಿಯಾಗಲಿ, ಸಂಸ್ಥೆಯಾಗಲಿ ರೋಗಿಯೊಬ್ಬನ ಆಹಾರದ ಹೊಣೆಯನ್ನು ಹೊರಬಹುದು. ೧೯೦೫ ರಷ್ಟು ಹಿಂದೆಯೇ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿದ ತಾಲೂಕಿನ ಜನರಿಗೆ ಕೂಡಿ ಹೊರುವ ಹೊಣೆಯ ಅರ್ಥವನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಶಿಕ್ಷಕರ ಪಾತ್ರ ಇನ್ನೂ ಹಿರಿದು. ಮನೆಯಲ್ಲಿ ತಂದೆಯ ಕೆಮ್ಮನ್ನು ಮುಚ್ಚಿಡುವ ಮಗು ಅದನ್ನು ಗುರುಗಳೆದುರು ಹೇಳೀತು. “ಆ ಮನಿಗೆ ಹೆಣ್ಣು ಕೊಡಬ್ಯಾಡ್ರಿ” ಎಂಬ ಮಾತಿಗೆ ಅಂಜಿ ರೋಗವನ್ನು ಅಡಗಿಸುವ ಕುಟುಂಬಕ್ಕೆ, ಕ್ಷಯ ಗುಣವಾಗುತ್ತದೆ, ಕ್ಯಾನ್ಸರು ಅಂಟುವುದಿಲ್ಲ ಎಂದು ಅಧಿಕಾರವಾಣಿಯಿಂದ ಹೇಳಬಲ್ಲವರು ಊರಿನಲ್ಲಿ ಮಾಸ್ತರರೇ. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ, ಔಷಧ ತೆಗೆದುಕೊಂಡರೂ ಎರಡು ತಿಂಗಳಲ್ಲಿ ನಿಲ್ಲದ ಕೆಮ್ಮಿಗೆ ಮರುಪರೀಕ್ಷೆ, ಇಷ್ಟನ್ನು ಮಕ್ಕಳಿಗೆ ಪಾಠದೊಡನೆ ಕಲಿಸಿದರೆ ಆ ತಿಳಿವಳಿಕೆ ಮನೆಮನೆಗೆ ಮುಟ್ಟುತ್ತದೆ.

ನಾವು ಕಲ್ಪಿಸಿಕೊಂಡ ನೇಕಾರರ ಕಡೆಗೆ ಕೊನೆಗೊಮ್ಮೆ ನೋಡೋಣ. ಎರಡನೆಯ ತಿಂಗಳಲ್ಲಿ ಅವರ ಮಾತಿಗೆ ಯಾರಾದರೂ ಕಿವಿಗೊಟ್ಟು ಸಿ.ಟಿ. ಮತ್ತು ಬಯಾಪ್ಸಿ ಮಾಡಿಸಿದರೆ, ಗಂಟು ಚಿಕ್ಕದಿರುವಾಗಲೇ ಶಸ್ತ್ರಕ್ರಿಯೆ ನಡೆದು, ಕ್ಷಯದ ಗುಳಿಗೆಯೂ ತಪ್ಪದೆ ಮುಗಿದು, ಅವರು ಮರಳಿ ಮಗ್ಗದ ಮುಂದೆ ಕೂರುವ ಸಂಭವವುಂಟು. ಆರನೆಯ ತಿಂಗಳವರೆಗೆ ಕಾದರೆ ಆ ಸಂಭವ ಕ್ಷೀಣಿಸುತ್ತದೆ. ನಡುವಿನ ಆ ನಾಲ್ಕು ತಿಂಗಳುಗಳನ್ನು ರೋಗಿಗೆ ಉಳಿಸಿಕೊಡುವುದು ವೈದ್ಯರೊಬ್ಬರ ಕೆಲಸವಲ್ಲ, ನಮ್ಮೆಲ್ಲರ ಕೆಲಸ.